ಹಣೆಯ ಮೇಲಿನ ಹೆಸರು

ಸಂಜೆ ನಾಲ್ಕೂವರೆಗೆ ನಿಲ್ದಾಣದಲ್ಲಿ ಐದು ಬಸ್ಸುಗಳು ಸಾಲಾಗಿ ನಿಂತಿರುತ್ತಿದ್ದವು. ಐದರ ಹಣೆಯ ಮೇಲೂ ಒಂದೇ ಹೆಸರು. ಹೊಸಬರು ಇದನ್ನು ನೋಡಿ, ಒಂದೇ ಹೊತ್ತಿಗೆ ಐದು ಬಸ್ಸು ಬಿಡುತ್ತಾರೆಂದರೆ ಎಂಥ ದೊಡ್ಡ ಊರಿರಬೇಕು ಎಂದುಕೊಳ್ಳುತ್ತಿದ್ದರು. ಊರು ದೊಡ್ಡದಲ್ಲ, ಊರುಗಳೇ ಐದು. ಒಂದರಲ್ಲಿ ಬಂದರಿದೆ. ಒಂದರಲ್ಲಿ ಇಟ್ಟಿಗೆ ಸುಡುತ್ತಾರೆ. ಒಂದು ಹಳೆಯ ಸೇತುವೆಯ ಬುಡದಲ್ಲಿದೆ, ಒಂದು ಕಲ್ಲುಗಣಿಯ ಅಂಚಿನಲ್ಲಿ. ಐದನೆಯದಕ್ಕೆ ಮುಚ್ಚಿಹೋದ ಗಿರಣಿಯ ಚಿಮಣಿ ಬಿಟ್ಟರೆ ಹೇಳಿಕೊಳ್ಳಲು ಏನೂ ಇಲ್ಲ. ಒಂದರಿಂದ ಇನ್ನೊಂದಕ್ಕೆ ನೇರ ದಾರಿಯಿಲ್ಲ, ಐದೂ ಐದು ದಿಕ್ಕು. ಯಾರ ಹೆಸರನ್ನು ಯಾರು ಕದ್ದರು ಎಂಬ ಜಗಳ, ಜಗಳ ಶುರು ಮಾಡಿದ ಅಜ್ಜಂದಿರು ಸತ್ತ ಮೇಲೂ ಮುಗಿದಿಲ್ಲ.

ಊರುಗಳಷ್ಟೇ ಅಲ್ಲ. ನಿಲ್ದಾಣದ ಎದುರಿನ ಬೀದಿಗೂ ಅದೇ ಹೆಸರು, ಬೀದಿ ಮೂಲೆಯ ಕ್ಷೌರದಂಗಡಿಗೂ ಅದೇ. ಅದೇ ಹೆಸರಿನ ಒಂದು ಬಟ್ಟೆ ಸೋಪು, ಒಂದು ಬೆಂಕಿಪೊಟ್ಟಣ, ಹೊಳೆ ದಾಟಿಸುವ ಒಂದು ದೋಣಿ. ಕೊನೆಗೆ ಚಹಾ ಅಂಗಡಿಯವನ ಕುಂಟು ನಾಯಿ. ನಾಯಿಗೆ ಯಾಕಪ್ಪಾ ಆ ಹೆಸರು ಎಂದರೆ ಚಹಾದವನು, "ಇದೂ ಹಂಗೇ. ಕರೆದ್ರೆ ಯಾವ ಕಡೆಯಿಂದ ಬರುತ್ತೋ ಹೇಳಕ್ಕಾಗಲ್ಲ" ಎನ್ನುತ್ತಿದ್ದ.

ಬಸ್ಸಿನವರು ತಮ್ಮತಮ್ಮಲ್ಲಿ ಊರುಗಳನ್ನು ಹಡಗಿನದು, ಇಟ್ಟಿಗೆಯದು, ಸೇತುವೆಯದು, ಕಲ್ಲಿನದು, ಚಿಮಣಿಯದು ಎಂದು ಕರೆಯುತ್ತಿದ್ದರು. ಇದು ಅವರು ತಾವಾಗಿ ಕಟ್ಟಿದ ಹೆಸರಲ್ಲ. ಬೋರ್ಡಿನ ಮೇಲೆ ಊರಿನ ಹೆಸರಿನ ಕೆಳಗೆ ಅಂಗೈಯಗಲದ ಒಂದು ಚಿತ್ರ ಇರುತ್ತಿತ್ತು, ಓದಲು ಬಾರದವರೂ ಗುರುತು ಹಿಡಿಯಲಿ ಎಂದು. ಹಡಗಿನ ಚಿತ್ರ ಇದ್ದರೆ ಬಂದರು, ಇಟ್ಟಿಗೆಯ ಚಿತ್ರ ಇದ್ದರೆ ಗೂಡುಗಳ ಊರು. ಆ ಚಿತ್ರಗಳನ್ನು ಮೊದಲು ಬರೆದವನು ಬೋರ್ಡಕ್ಕನ ಅಪ್ಪ. ಅವನು ಸತ್ತ ಮೇಲೆ ಹದಿನೆಂಟು ವರ್ಷದಿಂದ ಬರೆಯುತ್ತಿದ್ದವಳು ಬೋರ್ಡಕ್ಕ.

ಡಿಪೋದ ಹಿಂದೆ, ಹಳೆಯ ಟೈರುಗಳ ರಾಶಿಯ ಪಕ್ಕದಲ್ಲಿ ಅವಳ ತಗಡಿನ ಶೆಡ್ಡು. ಬಾಗಿಲು ತೆರೆದರೆ ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗೋಡೆಯ ಮೇಲೆ ಮೊಳೆಗಳಿಗೆ ನೇತುಬಿದ್ದ ಬ್ರಷ್ಷುಗಳು, ದಪ್ಪದಿಂದ ಸಣ್ಣಕ್ಕೆ, ಕುಟುಂಬದ ಫೋಟೋದಲ್ಲಿ ನಿಂತ ಮಕ್ಕಳಂತೆ. ಕೈ ನಡುಗದಿರಲಿ ಎಂದು ಮಣಿಕಟ್ಟಿಗೆ ಆನಿಕೆ ಕೊಡುವ ಉದ್ದನೆಯ ಕೋಲು ಅಪ್ಪನದೇ. ಅದರ ತುದಿಗೆ ಸುತ್ತಿದ ಬಟ್ಟೆ ಮಾತ್ರ ಅವಳದು.

ಆ ಶೆಡ್ಡಿನ ಬಾಗಿಲಿಗೆ ಒಂದು ಬೆಳಗ್ಗೆ ಹೊಸ ಡಿಪೋ ಮ್ಯಾನೇಜರು ಬಂದು ನಿಂತರು. ಬಂದು ಎರಡೇ ತಿಂಗಳಾಗಿತ್ತು. ಅಷ್ಟರಲ್ಲೇ ಕಂಡಕ್ಟರುಗಳು ಅವರಿಗೆ 'ಕರಾರುವಾಕ್ಕು' ಎಂದು ಹೆಸರಿಟ್ಟಿದ್ದರು. ಗಡಿಯಾರಕ್ಕೇ ಅವರನ್ನು ನೋಡಿ ಟೈಮು ಸರಿ ಮಾಡಿಕೊಳ್ಳಬೇಕು ಎನ್ನಿಸುವ ಮನುಷ್ಯ. ಕೈಯಲ್ಲಿ ಒಂದು ಕಾಗದ, ಇನ್ನೊಂದು ಕೈಯಲ್ಲಿ ಒಂದು ಡಬ್ಬ ಬಿಳಿ ಬಣ್ಣ.

"ನೋಡಿಮ್ಮಾ, ಮೇಲಿನಿಂದ ಆರ್ಡರ್ ಬಂದಿದೆ. ಒಂದನೇ ತಾರೀಖಿನಿಂದ ಐದು ಊರಿಗೂ ಆ ಹೆಸರು ಇರಲ್ಲ. ನಿಲ್ದಾಣ ಒಂದು, ನಿಲ್ದಾಣ ಎರಡು, ಹೀಗೆ ಐದರವರೆಗೆ. ಬೋರ್ಡು ಬರೆದು ರೆಡಿ ಇಡಿ."

ಬೋರ್ಡಕ್ಕ ಕಾಗದ ಓದಿದಳು. ಅವಳ ಊರು ಇಟ್ಟಿಗೆಯದು, ನಿಲ್ದಾಣ ಮೂರು ಆಗಿತ್ತು.

"ಇದನ್ನ ಊರಿನೋರಿಗೆ ಕೇಳಿದ್ರಾ ಸಾರ್?"

"ಕೇಳೋದೇನಿದೆ? ಕಳೆದ ವರ್ಷ ಮುನ್ನೂರ ಹನ್ನೆರಡು ಜನ ತಪ್ಪು ಬಸ್ಸು ಹತ್ತಿದಾರೆ. ನಾನೇ ಲೆಕ್ಕ ತೆಗೆದಿದೀನಿ."

"ದೂರು ಕೊಟ್ಟೋರು ಎಷ್ಟು ಜನ?"

"ನಲವತ್ತು."

"ಉಳಿದೋರು?"

"ಉಳಿದೋರು ಏನು ಮಾಡಿದ್ರು ನನಗೆ ಗೊತ್ತಿಲ್ಲ."

"ನನಗೆ ಗೊತ್ತು. ಊಟ ಮಾಡಿ ಮಲಗಿದ್ರು."

ಮ್ಯಾನೇಜರು ನಗಲಿಲ್ಲ. ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟರು. "ತಮಾಷೆ ಬೇಡಮ್ಮಾ. ಒಬ್ಬಳು ಹುಡುಗಿ, ಬಂದರಿನ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ವರ್ಷಕ್ಕೆ ಒಂದೇ ಸಲ ನಡೆಯೋ ಪರೀಕ್ಷೆ. ಹಿಂದಿನ ಸಂಜೆ ಹೊರಟಳು, ಹೋಗಿ ಇಳಿದಿದ್ದು ನಿಮ್ಮೂರಲ್ಲಿ. ಅವಳ ಅಪ್ಪ ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಅವರಿಗೆ ಏನು ಉತ್ತರ ಬರೀಲಿ, ಊಟ ಮಾಡಿ ಮಲಗಿದ್ಲು ಅಂತಲಾ?"

ಆ ಹುಡುಗಿ ಉಂಡಿದ್ದು, ಮಲಗಿದ್ದು ಬೋರ್ಡಕ್ಕನ ಮನೆಯಲ್ಲೇ.

ಅದು ಐದೂ ಊರುಗಳಲ್ಲಿದ್ದ ರೂಢಿ. ದಿನಕ್ಕೆ ಒಂದೇ ಬಸ್ಸು, ಸಂಜೆ ಹೋಗಿ ಅಲ್ಲೇ ಉಳಿದು ಬೆಳಗ್ಗೆ ವಾಪಸು. ತಪ್ಪಿ ಬಂದವರು ರಾತ್ರಿ ಎಲ್ಲಿಗೆ ಹೋಗಬೇಕು? ಹಾಗಾಗಿ ಪ್ರತಿ ಊರಿನಲ್ಲೂ ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಕೋಣೆ. ಮಂಚ, ಹೊದಿಕೆ, ನೀರಿನ ಹೂಜಿ. ತಪ್ಪಿ ಬಂದವರ ಕೋಣೆ ಎಂದೇ ಅದರ ಹೆಸರು. ಬಸ್ಸಿನಿಂದ ಇಳಿದವರು ಒಂದು ಕ್ಷಣ ನಿಂತು ಎಡಕ್ಕೂ ಬಲಕ್ಕೂ ನೋಡಿದರೆ ಸಾಕು, ಯಾರಾದರೂ ಬಂದು ಚೀಲ ಹಿಡಿದುಕೊಂಡು, "ಹಡಗಿನದಕ್ಕೆ ಹೊರಟಿದ್ರಾ? ಬನ್ನಿ ಬನ್ನಿ, ಕೈಕಾಲು ತೊಳ್ಕೊಳ್ಳಿ" ಎನ್ನುತ್ತಿದ್ದರು. ಇಟ್ಟಿಗೆಯ ಊರಿನ ಕೋಣೆ ಬೋರ್ಡಕ್ಕನ ಮನೆಯ ಮುಂಭಾಗದಲ್ಲಿತ್ತು. ಬೀಗದಕೈ ಅವಳ ಅಮ್ಮನ ಸೊಂಟದಲ್ಲಿ.

ಅಮ್ಮನೂ ತಪ್ಪಿ ಬಂದವಳೇ. ನಲವತ್ತೈದು ವರ್ಷದ ಹಿಂದೆ ಬಂದರಿನ ಆಸ್ಪತ್ರೆಗೆ ಹೆರಿಗೆ ಮಾಡಿಸುವ ನರ್ಸಾಗಿ ಕೆಲಸಕ್ಕೆ ಸೇರಲು ಹೊರಟಿದ್ದಳು. ಬೋರ್ಡಿನ ಮೇಲೆ ಹಡಗಿನ ಚಿತ್ರವನ್ನು ಸರಿಯಾಗಿ ನೋಡಿಯೇ ಹತ್ತಿದಳು. ಆದರೆ ಆ ದಿನ ಬೋರ್ಡು ಬರೆಯುವವನು ಐದು ಬೋರ್ಡಿಗೂ ಹೆಸರು ಮುಗಿಸಿ, ಬಣ್ಣ ಒಣಗುವ ಮೊದಲೇ ಚಿತ್ರ ಹಾಕಲು ಹೋಗಿ, ಇಟ್ಟಿಗೆಯದಕ್ಕೆ ಹಡಗು, ಹಡಗಿನದಕ್ಕೆ ಇಟ್ಟಿಗೆ ಬರೆದಿದ್ದ. ಇಳಿದಾಗ ಸಮುದ್ರ ಇಲ್ಲ, ಬರೀ ಹೊಗೆ. ಅದೇ ಹೊತ್ತಿಗೆ ಗೂಡಿನಲ್ಲಿ ಕೆಲಸ ಮಾಡುವವಳೊಬ್ಬಳಿಗೆ ನೋವು ಶುರುವಾಗಿತ್ತು. ಕೂಸು ತಿರುಗಿಕೊಂಡಿತ್ತು. ಎರಡು ದಿನ ವಾಪಸು ಬಸ್ಸು ಹತ್ತಲು ಆಗಲಿಲ್ಲ. ಮೂರನೇ ದಿನ ಬೋರ್ಡು ಬರೆದವನೇ ತಪ್ಪೊಪ್ಪಿಕೊಳ್ಳಲು ಬಂದ.

"ಸಾಯೋವರೆಗೂ ಒಪ್ಕೊಳ್ತಾನೇ ಇದ್ದ" ಎನ್ನುತ್ತಿದ್ದಳು ಅಮ್ಮ. "ನಿಮ್ಮಪ್ಪ ಜೀವಮಾನದಲ್ಲಿ ಮಾಡಿದ್ದು ಒಂದೇ ತಪ್ಪು. ಶಿಕ್ಷೆ ಮಾತ್ರ ನನಗಾಯ್ತು."

ಅವತ್ತು ಸಂಜೆ ಬೋರ್ಡಕ್ಕ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಆ ಕೋಣೆಗೆ ಹೋದಳು. ಅಲ್ಲಿನ ಗೋಡೆಯ ಮೇಲೆ ಬಂದವರೆಲ್ಲ ಒಂದೊಂದು ಸಾಲು ಬರೆದು ಹೋಗುತ್ತಿದ್ದರು. ಪೆನ್ಸಿಲಿನಲ್ಲಿ, ಇದ್ದಿಲಿನಲ್ಲಿ, ಒಬ್ಬಳು ತುಟಿಬಣ್ಣದಲ್ಲಿ. 'ಸೇತುವೆ ನೋಡಲು ಬಂದೆ, ಇಟ್ಟಿಗೆ ನೋಡಿದೆ.' 'ಅಳಿಯ ಬಂದಿಲ್ಲ ಎಂದು ಅತ್ತೆಗೆ ಸಂತೋಷವಾಗಿರಬೇಕು.' ಕಿಟಕಿಯ ಕೆಳಗೆ, ಅಚ್ಚುಕಟ್ಟಾದ ಕೈಬರಹದಲ್ಲಿ ಆ ಹುಡುಗಿಯ ಸಾಲು: 'ಪರೀಕ್ಷೆ ತಪ್ಪಿತು. ಊಟ ಚೆನ್ನಾಗಿತ್ತು. ಕೋಪ ಹೋಗಿಲ್ಲ.'

ಬೋರ್ಡಕ್ಕ ಅದನ್ನು ಮೂರು ಸಲ ಓದಿದಳು. ಆ ಹುಡುಗಿ ಅಳದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಊಟ ಮಾಡಿದ್ದು ಕಣ್ಣಿಗೆ ಕಟ್ಟಿದಂತಿತ್ತು.

"ಅಮ್ಮಾ, ಹೋದ ವರ್ಷ ಪರೀಕ್ಷೆ ತಪ್ಪಿಸಿಕೊಂಡಳಲ್ಲ, ಆ ಹುಡುಗಿ. ಬೋರ್ಡು ಸರಿಯಾಗಿ ಕಾಣಲಿಲ್ಲ ಅಂದಿದ್ಲಾ?"

"ಚಿತ್ರವೇ ಇರಲಿಲ್ಲ ಅಂದ್ಲು. ಬರೀ ಹೆಸರಿತ್ತಂತೆ."

ಇರಲಿಲ್ಲ, ನಿಜ. ಬಿಸಿಲಿಗೆ ಸವೆದು ಹೋಗಿತ್ತು. ಎರಡು ವರ್ಷ ಬಣ್ಣ ಕೊಡಿ, ಬಣ್ಣ ಕೊಡಿ ಎಂದು ಅವಳು ಅರ್ಜಿ ಹಾಕಿದ್ದಳು. ಹಳೇ ಮ್ಯಾನೇಜರು ಅರ್ಜಿಗಳನ್ನು ಚಹಾದ ಲೋಟದ ಕೆಳಗೆ ಇಡುತ್ತಿದ್ದರು. ಅರ್ಜಿ ಹಾಕಿದೆ, ನನ್ನ ಕೆಲಸ ಮುಗಿಯಿತು ಎಂದು ಅವಳು ಕೈತೊಳೆದುಕೊಂಡಿದ್ದಳು. ಸ್ವಂತ ಕಾಸಿನಿಂದ ಒಂದು ಸಣ್ಣ ಡಬ್ಬ ತಂದಿದ್ದರೆ ಒಂದು ಇಟ್ಟಿಗೆ ಬರೆಯಲು ಹತ್ತು ನಿಮಿಷ ಸಾಕಿತ್ತು.

ಮರುದಿನ ಅವಳು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು.

"ಸಾರ್, ಆ ಹುಡುಗಿ ವಿಷಯದಲ್ಲಿ ತಪ್ಪು ನಂದೂ ಇದೆ, ನಿಮ್ಮ ಆಫೀಸಿಂದೂ ಇದೆ. ಚಿತ್ರ ಅಳಿಸಿ ಹೋಗಿತ್ತು. ಅವಳ ಅಪ್ಪನಿಗೆ ಹಂಗೇ ಬರೀರಿ. ತಪ್ಪು ಹೆಸರಿಂದಲ್ಲ. ನಂಬರ್ ಬೋರ್ಡು ನಾನು ಬರೆಯಲ್ಲ."

"ಬರೆಯಲ್ಲ ಅಂದ್ರೆ?"

"ಬರೆಯಲ್ಲ ಅಂದ್ರೆ ಬರೆಯಲ್ಲ. ಇದಕ್ಕಿಂತ ಕರಾರುವಾಕ್ಕಾಗಿ ಹೇಳಕ್ಕೆ ನನಗೆ ಬರಲ್ಲ."

ಹೊರಗೆ ಕಿವಿಗೊಟ್ಟು ನಿಂತಿದ್ದ ಕಂಡಕ್ಟರುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ ಕಿವಿ ಕೆಂಪಾಯಿತು. ತನಗಿಟ್ಟ ಅಡ್ಡಹೆಸರು ಅವರಿಗೆ ಗೊತ್ತಿತ್ತು ಎಂಬುದು ಎಲ್ಲರಿಗೂ ಆಗಲೇ ಗೊತ್ತಾಗಿದ್ದು.

ಮ್ಯಾನೇಜರು ಕೆಟ್ಟವರಲ್ಲ. ಒಂದು ವಾರ ಸುಮ್ಮನಿದ್ದರು. ಆಮೇಲೆ ಅವಳನ್ನು ಕರೆಸಿದರು. ಒಳಗೆ ಹೋಗಿ ನೋಡಿದರೆ ಅವಳ ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾನೆ. ಇಟ್ಟಿಗೆಯ ಊರಿನ ಸಮಿತಿಗೆ ಅವನೇ ಅಧ್ಯಕ್ಷ. ಊರಲ್ಲಿ ಕಾಗೆ ಹಾರಿದರೂ ತನ್ನನ್ನು ಕೇಳಿಯೇ ಹಾರಿತು ಎನ್ನುವವನು.

"ಬಾ ಮಗಾ, ಬಾ. ಸಾಹೇಬ್ರು ಎಷ್ಟು ಒಳ್ಳೇ ಮಾತು ಹೇಳ್ತಿದಾರೆ ಕೇಳು."

ಮ್ಯಾನೇಜರು ಕಾಗದವನ್ನು ಅವಳ ಕಡೆ ತಿರುಗಿಸಿದರು. "ಮೇಲಿನವರ ಜೊತೆ ಮಾತಾಡಿದೀನಿ. ಒಂದು ಊರಿಗೆ ಹೆಸರು ಉಳಿಸಬಹುದಂತೆ, ಗೊಂದಲ ಆಗಲ್ಲ. ನಿಮ್ಮೂರಿಗೇ ಉಳಿಸ್ತೀನಿ. ಉಳಿದ ನಾಲ್ಕಕ್ಕೆ ನಂಬರು. ನೀವೇ ಬರೆಯಬೇಕು, ನಿಮ್ಮ ಕೈಬರಹ ಜನರಿಗೆ ರೂಢಿಯಾಗಿದೆ."

"ನಮ್ಮೂರೇ ಅಸಲಿ ಅಂತ ಕೊನೆಗೂ ಸರ್ಕಾರ ಒಪ್ಕೊಂತು!" ಎಂದ ಚಿಕ್ಕಪ್ಪ. "ನಮ್ಮಜ್ಜನ ಆತ್ಮಕ್ಕೆ ತಂಪಾಯ್ತು. ಆ ಹಡಗಿನೂರೋರು ಎಷ್ಟು ಮೆರೀತಿದ್ರು. ಈಗ ನಿಲ್ದಾಣ ಒಂದು ಅಂತ ಬೋರ್ಡು ಹಾಕ್ಕೊಂಡು ತಿರುಗಲಿ."

ಬೋರ್ಡಕ್ಕ ಕಾಗದ ನೋಡುತ್ತ ನಿಂತಳು. ಹೆಸರು ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಹೂಂ ಎಂದರೆ ಮುಗಿಯಿತು. ತನ್ನೂರಿನ ಬೋರ್ಡು ಮಾತ್ರ ಹೆಸರು ಹೊತ್ತು ನಿಂತಿರುವುದನ್ನು, ಪಕ್ಕದ ನಾಲ್ಕು ಹಣೆಗಳ ಮೇಲೆ ನಾಲ್ಕು ಅಂಕಿಗಳನ್ನು ಅವಳು ಮನಸ್ಸಿನಲ್ಲೇ ಬರೆದು ನೋಡಿದಳು. ಚೆನ್ನಾಗಿ ಕಾಣಲಿಲ್ಲ. ಹದಿನೆಂಟು ವರ್ಷ ಆ ಹೆಸರನ್ನು ಐದು ಸಲ ಒಂದೇ ಉಸಿರಿನಲ್ಲಿ ಬರೆದ ಕೈ ಅದು. ಒಂದನ್ನು ಬರೆದು ನಿಲ್ಲಲು ಅದಕ್ಕೆ ಗೊತ್ತಿರಲಿಲ್ಲ.

"ನಾಲ್ಕು ಜನರ ತಟ್ಟೆ ಕಿತ್ಕೊಂಡು ನಮಗೊಬ್ಬರಿಗೆ ಬಡಿಸಿದ್ರೆ ಅದು ಊಟ ಅಲ್ಲ ಚಿಕ್ಕಪ್ಪಾ" ಎಂದಳು.

"ಎಲಾ! ಬಾಯಿಗೆ ಬಂದ ತುತ್ತನ್ನ ಒದೀತೀಯಾ?"

"ನಮ್ಮಮ್ಮ ಹೊರಟಿದ್ದು ಹಡಗಿನದಕ್ಕೆ. ನಿಮ್ಮ ದೊಡ್ಡ ಮಗ ಹುಟ್ಟುವಾಗ ಕಾಲು ಮುಂದಾಗಿ ಬಂದ, ನೆನಪಿದೆಯಾ? ಆವತ್ತು ಊರಲ್ಲಿ ಅಮ್ಮ ಇಲ್ಲದಿದ್ರೆ ಚಿಕ್ಕಮ್ಮ ಉಳೀತಿರಲಿಲ್ಲ ಅಂತ ನೀವೇ ಹೇಳ್ತಿರ್ತೀರಿ. ಐದು ಊರಿಗೆ ಒಂದೇ ಹೆಸರು ಇದ್ದಿದ್ದಕ್ಕೆ ಅಮ್ಮ ಇಲ್ಲಿಗೆ ಬಂದಿದ್ದು."

ಚಿಕ್ಕಪ್ಪ ಚಹಾದ ಲೋಟದೊಳಗೆ ಇಣುಕಿದ.

"ಒಂದನೇ ತಾರೀಖಿಗೆ ಐದು ಬೋರ್ಡು ರೆಡಿ ಇರುತ್ತೆ ಸಾರ್" ಎಂದು ಹೇಳಿ ಅವಳು ಹೊರಗೆ ಬಂದಳು. ಮ್ಯಾನೇಜರು ನಿಟ್ಟುಸಿರು ಬಿಟ್ಟರು. ಒಪ್ಪಿಕೊಂಡಳು ಎಂದೇ ತಿಳಿದರು.

ಮೂರು ದಿನ ಅವಳು ತಲೆ ಎತ್ತಲಿಲ್ಲ. ಹಳೆಯ ಬಣ್ಣವನ್ನು ತಗಡು ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಿದಳು. ನೀಲಿ ಬಳಿದು ಒಣಗಿಸಿದಳು, ಮತ್ತೆ ಬಳಿದಳು. ಸೀಮೆಸುಣ್ಣದ ದಾರ ಎಳೆದು ಗೆರೆ ಹಾಕಿದಳು. ಮ್ಯಾನೇಜರು ಕೊಟ್ಟ ಬಿಳಿ ಬಣ್ಣದಿಂದಲೇ, ಒಂದು ಹನಿಯೂ ಚೆಲ್ಲದೆ, ಐದು ಬೋರ್ಡಿನ ಮೇಲೂ ಅದೇ ಹೆಸರನ್ನು ಬರೆದಳು. ಕೆಳಗೆ ಹಡಗು, ಇಟ್ಟಿಗೆ, ಸೇತುವೆ, ಕಲ್ಲು, ಚಿಮಣಿ. ಹಿಂದೆಲ್ಲ ಅಂಗೈಯಗಲ ಇದ್ದ ಚಿತ್ರಗಳು ಈಗ ತಟ್ಟೆಯಗಲ ಆಗಿದ್ದವು.

ಒಂದನೇ ತಾರೀಖು ಸಂಜೆ ಐದು ಬೋರ್ಡುಗಳೂ ಬಸ್ಸಿನ ಹಣೆ ಏರಿದವು. ನಿಲ್ದಾಣದಲ್ಲಿ ಸೀಟಿ ಬಿತ್ತು. ಇಟ್ಟಿಗೆಯ ಬಸ್ಸಿನ ಕಂಡಕ್ಟರಿಗೆ 'ಗಂಟಲು' ಎಂದು ಅಡ್ಡಹೆಸರು. ಅವನು ಕೂಗಿದರೆ ಮೂರು ಬೀದಿಯಾಚೆ ಮಲಗಿದ ಮಗು ಏಳುತ್ತಿತ್ತು. ಅವನು ಆ ಹೆಸರನ್ನು ಎಂದಿಗಿಂತ ಎರಡು ಪಟ್ಟು ಜೋರಾಗಿ ಕೂಗಿದ. ಚಹಾದವನ ನಾಯಿ ಎಲ್ಲಿಂದಲೋ ಓಡಿ ಬಂತು.

ಮ್ಯಾನೇಜರು ಬೋರ್ಡುಗಳನ್ನು ಒಂದೊಂದಾಗಿ ನೋಡಿದರು. ಧ್ವನಿ ಏರಿಸಲಿಲ್ಲ. "ಶೆಡ್ಡಿನ ಬೀಗದಕೈ ಕೊಡಿ. ನಾಳೆಯಿಂದ ಬರಬೇಡಿ."

"ಬ್ರಷ್ಷು ನಮ್ಮಪ್ಪಂದು, ತಗೊಂಡು ಹೋಗ್ತೀನಿ."

"ತಗೊಳ್ಳಿ."

"ಕೋಲೂ."

"ಎಲ್ಲಾ ತಗೊಳ್ಳಿ."

ಮೂರನೇ ದಿನಕ್ಕೆ ಮುದ್ರಿಸಿದ ಪ್ಲಾಸ್ಟಿಕ್ ಹಾಳೆಗಳು ಬಂದವು. ನಿಲ್ದಾಣ ೧, ನಿಲ್ದಾಣ ೨. ದಪ್ಪ ಕಪ್ಪು ಅಕ್ಷರ, ಚಿತ್ರ ಇಲ್ಲ. ಯಾವ ನಂಬರು ಯಾವ ಊರು ಎಂಬ ಪಟ್ಟಿಯನ್ನು ಟಿಕೆಟ್ ಕಿಟಕಿಯ ಪಕ್ಕ ಅಂಟಿಸಿದರು. ವಾರದೊಳಗೆ ಅದರ ಮೇಲೆ ಯಾರೋ ಮನೆ ಬಾಡಿಗೆಗಿದೆ ಎಂಬ ಚೀಟಿ ಅಂಟಿಸಿದರು.

ಅಮ್ಮ ಸುದ್ದಿ ಕೇಳಿ, "ಕೆಲಸ ಹೋಯ್ತಾ?" ಎಂದಳು.

"ಹೋಯ್ತು."

"ಕೈ ಇದೆಯಲ್ಲ?"

"ಇದೆ."

"ಮತ್ತೆ ಮುಖ ಯಾಕೆ ಹಂಗೆ ಇಟ್ಕೊಂಡಿದೀಯ, ಸುಡದ ಇಟ್ಟಿಗೆ ಥರ? ಬೆಳಗ್ಗೆ ಬಸ್ಸಿಗೆ ಹೋಗು."

ಅವಳು ಹೋದಳು. ಡಿಪೋದ ಗೇಟಿನ ಎದುರು, ರಸ್ತೆಯಾಚೆಯ ಗೋಡೆಗೆ ಒರಗಿ, ಒಂದು ಚಾಪೆ, ಮೂರು ಡಬ್ಬ ಬಣ್ಣ, ಅಪ್ಪನ ಬ್ರಷ್ಷುಗಳನ್ನು ಹರಡಿಕೊಂಡು ಕೂತಳು. ಮೊದಲ ಗಿರಾಕಿ ಗಂಟಲು. ತನ್ನ ಊಟದ ಡಬ್ಬಿ ತಂದು ಮುಂದಿಟ್ಟ.

"ಅಕ್ಕಾ, ಇದರ ಮೇಲೆ ಬರಿ."

"ಏನು ಬರೀಲೋ? ನಿನ್ನ ಹೆಸರಾ?"

"ನನ್ನ ಹೆಸರು ಯಾರಿಗೆ ಬೇಕು, ನನ್ನ ಹೆಂಡ್ತಿಗೇ ಬೇಡ. ಊರಿನ ಹೆಸರು ಬರಿ. ಬಸ್ಸಿನ ಮೇಲೆ ಹಾಕಬಾರದು ಅಂತ ತಾನೇ ಆರ್ಡರು? ಡಬ್ಬಿ ಮೇಲೆ ಹಾಕಬಾರದು ಅಂತ ಎಲ್ಲಿದೆ?"

ಬೋರ್ಡಕ್ಕ ಅವನ ಮುಖ ನೋಡಿದಳು. ಆಮೇಲೆ ನಕ್ಕಳು, ಎರಡು ವಾರದಲ್ಲಿ ಮೊದಲ ಸಲ. ಡಬ್ಬಿಯ ಮುಚ್ಚಳದ ಮೇಲೆ ಹೆಸರು ಬರೆದು ಕೆಳಗೊಂದು ಇಟ್ಟಿಗೆ ಇಟ್ಟಳು.

ಮಧ್ಯಾಹ್ನಕ್ಕೆ ಚಿಮಣಿಯ ಬಸ್ಸಿನ ಡ್ರೈವರು ಹೆಲ್ಮೆಟ್ಟು ತಂದ. ಕಲ್ಲಿನ ಊರಿನಿಂದ ಬಂದ ಹೆಂಗಸು ತನ್ನ ಕೊಡೆ ಬಿಚ್ಚಿ ಹಿಡಿದಳು. ತರಕಾರಿ ಗಾಡಿಗಳು ಬಂದವು, ಸೈಕಲ್ಲುಗಳ ಮಡ್‌ಗಾರ್ಡುಗಳು, ಒಂದು ತೊಟ್ಟಿಲು, ಒಂದು ಪಿಟೀಲಿನ ಪೆಟ್ಟಿಗೆ, ಶಾಲೆಯ ಚೀಲಗಳು. ಸೇತುವೆಯ ಊರಿನ ಮುದುಕನೊಬ್ಬ ತನ್ನ ಊರುಗೋಲಿನ ಉದ್ದಕ್ಕೂ ಬರೆಸಿಕೊಂಡು, "ಇನ್ನು ಮೇಲೆ ನಾನು ಊರನ್ನೇ ಊರ್ಕೊಂಡು ನಡೀತೀನಿ" ಎಂದು ಹೋದ. ಹಡಗಿನ ಊರಿನವರು ಬರುವುದಿಲ್ಲ, ಅವರಿಗೆ ಜಂಭ ಎಂದು ಎಲ್ಲರೂ ಹೇಳಿದ್ದರು. ಅವರು ಹತ್ತನೇ ದಿನ ಬಂದರು, ಒಂದು ಇಡೀ ದೋಣಿಯನ್ನು ಲಾರಿಯ ಮೇಲೆ ಹೇರಿಕೊಂಡು.

ಮ್ಯಾನೇಜರು ದಿನಾ ಬೆಳಗ್ಗೆ ಗೇಟು ದಾಟುವಾಗ ಇದನ್ನೆಲ್ಲ ನೋಡುತ್ತಿದ್ದರು. ಬಿಸಿಲಿಗೆ ಕೊಡೆ ಬಿಚ್ಚಿದವರು, ಸೈಕಲ್ಲಿನಲ್ಲಿ ಹೋದವರು, ಎಲ್ಲರ ಮೇಲೂ ಆ ಹೆಸರು. ಅದನ್ನು ನಿಲ್ಲಿಸಲು ಅವರ ಫೈಲಿನಲ್ಲಿ ಯಾವ ಕಾಗದವೂ ಇರಲಿಲ್ಲ. ಒಂದು ಸಲ ನಿಂತು, "ಇದರಿಂದ ಏನು ಸಿಗುತ್ತಮ್ಮಾ ನಿಮಗೆ?" ಎಂದು ಕೇಳಿದರು. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು.

"ನಿಮಗೆ ತಪ್ಪು ಬಸ್ಸಿನ ಲೆಕ್ಕ ಸಿಗುತ್ತಲ್ಲ, ಹಂಗೇ" ಎಂದಳು. "ಈಗ ಎಷ್ಟಾಗಿದೆ ಸಾರ್?"

ಮ್ಯಾನೇಜರು ಸುಳ್ಳು ಹೇಳುವವರಲ್ಲ. "ಹೋದ ತಿಂಗಳಿಗಿಂತ ಜಾಸ್ತಿ" ಎಂದು ಹೇಳಿ ನಡೆದರು.

ತಿಂಗಳ ಕೊನೆಯ ವಾರ, ಒಂದು ಸಂಜೆ, ನಾಲ್ಕು ಇಪ್ಪತ್ತೈದಕ್ಕೆ ಆ ಹುಡುಗಿ ಬಂದಳು.

ಬೋರ್ಡಕ್ಕ ಬೆನ್ನು ನೋಡಿಯೇ ಗುರುತಿಸಿದಳು. ಅದೇ ನೆಟ್ಟಗಿನ ಬೆನ್ನು, ಭುಜದ ಮೇಲೆ ಅದೇ ಚೀಲ. ಹುಡುಗಿ ಐದು ಬಸ್ಸುಗಳ ಮುಂದೆ ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ಈ ತುದಿಯಿಂದ ಆ ತುದಿಗೆ. ಕೈಯಲ್ಲಿ ಪರೀಕ್ಷೆಯ ಪ್ರವೇಶಪತ್ರ. ಅದರಲ್ಲಿ ಊರಿನ ಹೆಸರಿತ್ತು, ನಂಬರಿರಲಿಲ್ಲ.

ಬೋರ್ಡಕ್ಕ ರಸ್ತೆ ದಾಟಿ ಬರುವ ಹೊತ್ತಿಗೆ ಗಂಟಲು ಹುಡುಗಿಯ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

"ಬಂದರಿಗೆ ಅಲ್ವೇನಮ್ಮಾ? ನಿಲ್ದಾಣ ಒಂದು, ಆ ಕಡೆಯ ಬಸ್ಸು. ಹತ್ತು."

"ಹೋದ ವರ್ಷಾನೂ ನಿಮ್ಮನ್ನೇ ಕೇಳಿದ್ದೆ" ಎಂದಳು ಹುಡುಗಿ. "ಇದು ಆ ಊರಿಗೆ ಹೋಗುತ್ತಾ ಅಂದೆ. ಹೌದು ಹೌದು ಹತ್ತಿ ಅಂದ್ರಿ."

"ಹೆಸರು ಅದೇ ಅಲ್ವಾ, ನಾನೇನು ಸುಳ್ಳು ಹೇಳಿದ್ನಾ?" ಎಂದ ಗಂಟಲು. ಜೀವಮಾನದಲ್ಲಿ ಮೊದಲ ಸಲ ಅವನ ಧ್ವನಿ ಪಕ್ಕದವರಿಗೂ ಕೇಳಿಸಲಿಲ್ಲ.

"ನನಗೆ ಬಾಯಿ ಮಾತು ಬೇಡ. ಬರೆದಿರೋದು ತೋರಿಸಿ, ಹತ್ತುತೀನಿ. ನಾನು ಹೋಗಬೇಕಾಗಿರೋ ಊರಿನ ಹೆಸರು ಯಾವ ಬಸ್ಸಿನ ಮೇಲೂ ಇಲ್ಲ."

ಆಗ ಬೋರ್ಡಕ್ಕನನ್ನು ನೋಡಿದಳು. ಗುರುತು ಸಿಕ್ಕಿತು. ಮುಖ ಸಡಿಲವಾಗಲಿಲ್ಲ.

"ನಿನ್ನ ಸಾಲು ಇನ್ನೂ ಗೋಡೆ ಮೇಲಿದೆ" ಎಂದಳು ಬೋರ್ಡಕ್ಕ.

"ಕೋಪಾನೂ ಇದೆ."

"ಇರಬೇಕು. ಎರಡು ವರ್ಷ ಅಳಿಸಿಹೋಗಿದ್ದ ಬೋರ್ಡನ್ನ ನೋಡ್ಕೊಂಡು ಸುಮ್ಮನಿದ್ದೋಳು ನಾನು. ಐದು ನಿಮಿಷ ಕೊಡ್ತೀಯಾ?"

ಹುಡುಗಿ ಚೀಲವನ್ನು ಭುಜದಿಂದ ಇಳಿಸಿ ಕಾಲ ಬಳಿ ಇಟ್ಟಳು. ಅಷ್ಟು ಸಾಕಾಯಿತು.

ಬೋರ್ಡಕ್ಕ ಚಾಪೆಯ ಕಡೆ ಓಡಿದಳು. ಬಿಳಿಯ ಡಬ್ಬ, ಎರಡು ಬ್ರಷ್ಷು, ಕೋಲು. ಬಂದರಿನ ಬಸ್ಸಿನ ಮುಂದಿನ ಬಂಪರಿನ ಮೇಲೆ ಕಾಲಿಟ್ಟು ಹತ್ತಿದಳು. ಗಂಟಲು ಕೆಳಗೆ ನಿಂತು ಡಬ್ಬ ಎತ್ತಿ ಹಿಡಿದ. ಡ್ರೈವರು ಒಳಗಿನಿಂದ ನೋಡಿ ಇಂಜಿನ್ನು ಆರಿಸಿದ, ಕೈ ಅದುರದಿರಲಿ ಎಂದು. ಅವಳು ಪ್ಲಾಸ್ಟಿಕ್ ಹಾಳೆಯನ್ನು ಮುಟ್ಟಲಿಲ್ಲ. ಅದರ ಕೆಳಗೆ ಬಸ್ಸಿನ ಕೆಂಪು ತಗಡಿನ ಮೇಲೆಯೇ, ಗೆರೆ ಎಳೆಯದೆ, ಅಳತೆ ಹಿಡಿಯದೆ ಬರೆಯತೊಡಗಿದಳು. ಮೊದಲಕ್ಷರದ ತಲೆಕಟ್ಟು ಎಳೆಯುವಾಗ ಕೈಗೆ ಹದಿನೆಂಟು ವರ್ಷ ನೆನಪಾಯಿತು. ಜನ ಸುತ್ತ ಸೇರಿದರು. ಕೊಡೆಗಳು, ಊಟದ ಡಬ್ಬಿಗಳು, ಸೈಕಲ್ಲುಗಳು, ಎಲ್ಲದರ ಮೇಲೂ ಅವಳದೇ ಬರಹ.

"ಏನಿದು?"

ಮ್ಯಾನೇಜರು ಜನರನ್ನು ಸರಿಸಿಕೊಂಡು ಬಂದಿದ್ದರು. ಕೈಗಡಿಯಾರ ನೋಡಿದರು. ನಾಲ್ಕು ಮೂವತ್ತೆಂಟು, ಹೊರಡಲು ಎರಡೇ ನಿಮಿಷ. "ಇಳೀರಿ ಕೆಳಗೆ. ಇದು ಇಲಾಖೆಯ ಬಸ್ಸು."

"ಇಳೀತೀನಿ ಸಾರ್. ಹಡಗು ಬಾಕಿ ಇದೆ."

"ಪೊಲೀಸರನ್ನ ಕರೆಸಬೇಕಾಗುತ್ತೆ."

"ಕರೆಸಿ. ಅಷ್ಟರೊಳಗೆ ಮುಗಿಯುತ್ತೆ."

ಮ್ಯಾನೇಜರು ಇನ್ನೇನೋ ಹೇಳಲು ಹೊರಟರು. ಆಗ ಹುಡುಗಿ ಅವರ ಮುಂದೆ ಪ್ರವೇಶಪತ್ರ ಹಿಡಿದಳು. "ನಮ್ಮಪ್ಪ ನಿಮಗೆ ಕಾಗದ ಬರೆದಿದ್ರು. ಹೆಸರು ತೆಗೀರಿ ಅಂತ ಬರೆದಿರಲಿಲ್ಲ. ಚಿತ್ರ ಅಳಿಸಿದೆ, ಸರಿ ಮಾಡಿಸಿ ಅಂತ ಬರೆದಿದ್ರು. ಎರಡನೇ ಪುಟ ಓದಲಿಲ್ವಾ ಸಾರ್?"

ಕರಾರುವಾಕ್ಕು ಮನುಷ್ಯ ಎರಡನೇ ಪುಟ ಓದಿರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಕಿವಿಗಳು ಹೇಳಿದವು.

ಬೋರ್ಡಕ್ಕ ಹಡಗಿನ ಹೊಟ್ಟೆಯನ್ನು ಒಂದೇ ಎಳೆತದಲ್ಲಿ ಮುಗಿಸಿ, ಮೇಲೆ ಹೊಗೆಕೊಳವೆ ನಿಲ್ಲಿಸಿ ಕೆಳಗೆ ಧುಮುಕಿದಳು. ಹುಡುಗಿ ತಲೆ ಎತ್ತಿ ಹೆಸರು ಓದಿದಳು, ಪ್ರವೇಶಪತ್ರ ನೋಡಿದಳು, ಮತ್ತೆ ಹಡಗು ನೋಡಿದಳು. ಚೀಲ ಎತ್ತಿಕೊಂಡು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಕೈ ಬೀಸಲಿಲ್ಲ. ಬಸ್ಸು ನಾಲ್ಕು ನಲವತ್ನಾಲ್ಕಕ್ಕೆ ಹೊರಟಿತು, ನಾಲ್ಕು ನಿಮಿಷ ತಡ.

"ನಾಳೆ ಬೆಳಗ್ಗೆ ಬಸ್ಸು ಬಂದ ತಕ್ಷಣ ಅಳಿಸಿಹಾಕಿಸ್ತೀನಿ" ಎಂದರು ಮ್ಯಾನೇಜರು.

"ಅಳಿಸಿ ಸಾರ್. ಸಂಜೆ ಮತ್ತೆ ಬರೀತೀನಿ."

"ಎಷ್ಟು ದಿನ?"

"ನಮ್ಮಪ್ಪ ಇಪ್ಪತ್ತೇಳು ವರ್ಷ ಬರೆದ, ನಾನು ಹದಿನೆಂಟು. ನಿಮಗೆ ವರ್ಗ ಎಷ್ಟು ವರ್ಷಕ್ಕೆ ಆಗುತ್ತೆ?"

ಯಾರೂ ನಗಲಿಲ್ಲ. ಉಳಿದ ನಾಲ್ಕು ಬಸ್ಸುಗಳು ಹೊರಡಬೇಕಾಗಿತ್ತು. ಒಂದೂ ಹೊರಡಲಿಲ್ಲ. ಕಲ್ಲಿನ ಬಸ್ಸಿನ ಡ್ರೈವರು ಇಂಜಿನ್ನು ಆರಿಸಿ ಕೆಳಗಿಳಿದು ಬಂದ. ಅವನ ಹಿಂದೆಯೇ ಚಿಮಣಿಯವನು. ಸೇತುವೆಯವನು ಕೂತಲ್ಲಿಂದಲೇ ಕತ್ತು ಹೊರಹಾಕಿ, "ಅಕ್ಕಾ, ನಮ್ಮದು ಯಾವಾಗ?" ಎಂದ.

"ಸಾಲಾಗಿ ಬರ್ತೀನಿ ಕಣ್ರೋ, ನನಗೇನು ಹತ್ತು ಕೈ ಇದೆಯಾ?"

ಅವಳು ಇಟ್ಟಿಗೆಯ ಬಸ್ಸನ್ನು ಕೊನೆಗೆ ಇಟ್ಟುಕೊಂಡು ಸೇತುವೆಯದರ ಬಂಪರು ಹತ್ತಿದಳು. ಗಂಟಲು ಡಬ್ಬ ಹಿಡಿದುಕೊಂಡು ಹಿಂದೆ ಬಂದ. ಗೇಟಿನ ಹತ್ತಿರ ಚಹಾದವನು ನಾಯಿಯನ್ನು ಕರೆಯುತ್ತಿದ್ದ, ಅರ್ಧ ನಿಲ್ದಾಣ ತಿರುಗಿ ನೋಡುತ್ತಿತ್ತು.

ಮ್ಯಾನೇಜರು ಕದಲದೆ ನಿಂತಿದ್ದರು. ಐದು ಗಂಟೆಯಾಯಿತು. ನಾಲ್ಕು ಬಸ್ಸು ಇಪ್ಪತ್ತು ನಿಮಿಷ ತಡ, ಅವರ ಲೆಕ್ಕದಲ್ಲಿ ಎಂಬತ್ತು ನಿಮಿಷ. ಕೊನೆಗೆ ಮೆಲ್ಲಗೆ ನಡೆದು ಬಂದು, ಬಂಪರಿನ ಮೇಲೆ ಒಂದು ಕಾಲಿಟ್ಟು, ಸೇತುವೆಯ ಬಸ್ಸಿನ ಹಣೆಯ ಮೇಲೆ ಆಗಷ್ಟೇ ಮುಗಿದಿದ್ದ ಕೊನೆಯ ಅಕ್ಷರದ ಕಡೆ ಬೆರಳು ಚಾಚಿದರು. ಅಳಿಸಲೋ, ನಿಜವೇ ಎಂದು ನೋಡಲೋ, ಅವರಿಗೂ ಗೊತ್ತಿದ್ದಂತಿರಲಿಲ್ಲ.

ಬೋರ್ಡಕ್ಕ ತಿರುಗಿ ನೋಡದೆ ಕೋಲಿನಿಂದ ಅವರ ಕೈಯನ್ನು ಆಚೆ ಸರಿಸಿದಳು.

"ಹಸಿ ಇದೆ ಸಾರ್. ಮುಟ್ಟಬೇಡಿ."